ಲೆಕ್ಕ ಬರುತ್ತದೆ, ಸಮಯ ಸಾಲುವುದಿಲ್ಲ: ಗ್ರಾಮೀಣ ಬ್ಯಾಂಕ್ ಪರೀಕ್ಷೆಗೆ ಮನೆಯಲ್ಲೇ ತಯಾರಿ ಸಾಧ್ಯವೇ?

ಬಿಎ_ಪದವೀಧರೆ
ಎಲ್ಲರಿಗೂ ನಮಸ್ಕಾರ. ಇತಿಹಾಸ, ಕನ್ನಡ ಓದಿ ಬಿ.ಎ. ಮುಗಿಸಿದ್ದೇನೆ. ಊರು ಕೊಪ್ಪಳ ಜಿಲ್ಲೆ. ಗ್ರಾಮೀಣ ಬ್ಯಾಂಕಿನ ಕಚೇರಿ ಸಹಾಯಕ ಹುದ್ದೆಗೆ ಐಬಿಪಿಎಸ್ (ಬ್ಯಾಂಕ್ ಸಿಬ್ಬಂದಿಯ ಆಯ್ಕೆ ಸಂಸ್ಥೆ) ನಡೆಸುವ ಪರೀಕ್ಷೆಗೆ ಓದುತ್ತಿದ್ದೇನೆ. ಮೊದಲ ಹಂತವಾದ ಪೂರ್ವಭಾವಿಯಲ್ಲಿ ರೀಸನಿಂಗ್ (ತರ್ಕದ ಪ್ರಶ್ನೆಗಳು) 40, ಲೆಕ್ಕ 40, ಒಟ್ಟು 80 ಪ್ರಶ್ನೆ. ಸಮಯ 45 ನಿಮಿಷ. ಗಡಿಯಾರದ ಚಿಂತೆಯಿಲ್ಲದೆ ಕುಳಿತರೆ ಹೆಚ್ಚುಕಡಿಮೆ ಎಲ್ಲವನ್ನೂ ಬಿಡಿಸುತ್ತೇನೆ. ಗಡಿಯಾರ ಇಟ್ಟುಕೊಂಡೆನೋ, ಅರ್ಧ ದಾಟುವಷ್ಟರಲ್ಲಿ ಸಮಯ ಮುಗಿದಿರುತ್ತದೆ.

ಧಾರವಾಡಕ್ಕೆ ಹೋಗಿ ಕೋಚಿಂಗ್ ಸೇರು, ಸಾಲ ಮಾಡಿಯಾದರೂ ಹಣ ಹೊಂದಿಸುತ್ತೇನೆ ಎಂದು ಅಪ್ಪ ಹೇಳುತ್ತಿದ್ದಾರೆ. ಈ ಸಲ ಮಳೆ ಕೈಕೊಟ್ಟಿದೆ, ಸಾಲದ ಮಾತು ನನಗೆ ಒಪ್ಪಿಗೆಯಿಲ್ಲ. ಮನೆಯಲ್ಲೇ ವೇಗ ಹೆಚ್ಚಿಸಿಕೊಳ್ಳಲು ಆಗುತ್ತದೆಯೇ? ಗೊತ್ತಿಲ್ಲದ ಪ್ರಶ್ನೆಗೆ ಅಂದಾಜಿನ ಮೇಲೆ ಉತ್ತರ ಗುರುತಿಸಬಹುದೇ? ಕನ್ನಡದಲ್ಲಿ ಬರೆಯುವುದು ಒಳ್ಳೆಯದೋ, ಇಂಗ್ಲಿಷಿನಲ್ಲೋ?

ಸಪ್ತಾಪುರ_ನಿವಾಸಿ
ತಂಗಿ, ಧಾರವಾಡಕ್ಕೆ ಬಂದುಬಿಡು. ಸಪ್ತಾಪುರದ ಓಣಿಗಳಲ್ಲಿ ಬೆಳಗಾಗುವ ಮೊದಲೇ ರೀಡಿಂಗ್ ರೂಮುಗಳಲ್ಲಿ ದೀಪ ಹತ್ತಿರುತ್ತದೆ. ಪಕ್ಕದ ಕುರ್ಚಿಯವನು ಊಟಕ್ಕೂ ಏಳದೆ ಓದುತ್ತಿದ್ದರೆ ನಮಗೂ ಏಳಲು ಮನಸ್ಸಾಗುವುದಿಲ್ಲ. ಮನೆಯಲ್ಲಿ ಕುಳಿತರೆ ನೆಂಟರು, ಹಬ್ಬ, ಹೊಲ, ಅಡುಗೆ. ಆ ವಾತಾವರಣ ಮನೆಯಲ್ಲಿ ಸಿಗುವುದಿಲ್ಲ.

ಮನೆಯಲ್ಲೇ_ಓದಿದವನು
ಒಪ್ಪುವುದಿಲ್ಲ. ಅವರು ಕೇಳಿದ್ದು ವಾತಾವರಣವನ್ನಲ್ಲ, ವೇಗವನ್ನು. ಪೂರ್ವಭಾವಿಯ ಲೆಕ್ಕ ಹೈಸ್ಕೂಲ್ ಪಠ್ಯವನ್ನು ಮೀರುವುದೇ ಅಪರೂಪ. ಶೇಕಡಾವಾರು, ಅನುಪಾತ, ಲಾಭ-ನಷ್ಟ, ಬಡ್ಡಿ, ಕಾಲ-ಕೆಲಸ, ಸರಾಸರಿ. ಇವೆಲ್ಲ ಅವರಿಗೆ ಬರುತ್ತವೆ ಎಂದು ಅವರೇ ಬರೆದಿದ್ದಾರೆ. ಬರುವುದನ್ನೇ ಇನ್ನೊಮ್ಮೆ ಹೇಳಿಸಿಕೊಳ್ಳಲು ಸಾಲ ಮಾಡಬೇಕೇ? ನಾನು ಹಾವೇರಿಯ ಮನೆಯಲ್ಲೇ ಓದಿ ಕೆಲಸಕ್ಕೆ ಸೇರಿದವನು. ಯಾವ ತರಗತಿಗೂ ಹೋಗಲಿಲ್ಲ.

ಸಪ್ತಾಪುರ_ನಿವಾಸಿ
ಒಬ್ಬರಿಗೆ ಆಯಿತು ಎಂದರೆ ಎಲ್ಲರಿಗೂ ಆಗುತ್ತದೆ ಎಂದಲ್ಲ. ಇಲ್ಲಿಗೆ ಬಂದು ಕೆಲಸ ಹಿಡಿದ ನೂರಾರು ಜನರನ್ನು ಕಂಡಿದ್ದೇನೆ.

ಮನೆಯಲ್ಲೇ_ಓದಿದವನು
ಬಂದು ಬರಿಗೈಯಲ್ಲಿ ಊರಿಗೆ ಮರಳಿದವರನ್ನೂ ಕಂಡಿರುತ್ತೀರಿ. ಅವರ ಲೆಕ್ಕವನ್ನೂ ಹೇಳಿ.

ಲೆಕ್ಕದ_ಟೀಚರ್
ಜಗಳ ಸಾಕು. ಆ ಹುಡುಗಿ ಕೇಳಿದ್ದಕ್ಕೆ ಉತ್ತರ ಕೊಡೋಣ. ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ, ಸಂಜೆ ನಮ್ಮೂರಿನ ಕೆಲವು ಮಕ್ಕಳಿಗೆ ಇದೇ ಪರೀಕ್ಷೆಗೆ ಹೇಳಿಕೊಡುತ್ತೇನೆ.

45 ನಿಮಿಷವೆಂದರೆ 2,700 ಸೆಕೆಂಡ್. 80 ಪ್ರಶ್ನೆಗೆ ಹಂಚಿದರೆ ಒಂದಕ್ಕೆ 34 ಸೆಕೆಂಡೂ ಸಿಗುವುದಿಲ್ಲ. ಇಷ್ಟರಲ್ಲಿ ಎಲ್ಲ 80ನ್ನೂ ಬಿಡಿಸಲಿ ಎಂದು ಯಾರೂ ಈ ಪತ್ರಿಕೆಯನ್ನು ರೂಪಿಸಿಲ್ಲ. ಯಾವುದನ್ನು ಬಿಡಬೇಕು ಎಂದು ತಿಳಿದವರು ಯಾರು ಎಂಬುದನ್ನೇ ಅದು ಅಳೆಯುತ್ತದೆ. ಶಾಲೆಯಲ್ಲಿ ನಾವು ಮಕ್ಕಳಿಗೆ ಕಲಿಸುವುದು ಇದಕ್ಕೆ ತದ್ವಿರುದ್ಧ: ಕೈಗೆ ತೆಗೆದುಕೊಂಡ ಲೆಕ್ಕವನ್ನು ಅರ್ಧಕ್ಕೆ ಬಿಡಬೇಡ, ಹಂತಹಂತವಾಗಿ ಬರೆ. ಆ ರೂಢಿಯನ್ನು ಈ 45 ನಿಮಿಷದ ಮಟ್ಟಿಗೆ ಬದಿಗಿಡಬೇಕು.

ಈಗ ಒಂದು ಲೆಕ್ಕ ನೋಡಿ. 640ರ ಶೇ 37.5 + 28 × 15 = ?

ಶಾಲೆಯ ಕ್ರಮದಲ್ಲಿ 640ನ್ನು 37.5ರಿಂದ ಗುಣಿಸಿ 100ರಿಂದ ಭಾಗಿಸುತ್ತೀರಿ. ಶೇ 37.5 ಎಂದರೆ ಎಂಟರಲ್ಲಿ ಮೂರು ಭಾಗ ಎಂದು ಬಾಯಿಗೆ ಬಂದಿದ್ದರೆ, 640ರ ಎಂಟನೇ ಒಂದು 80, ಅದರ ಮೂರು ಪಟ್ಟು 240. 28 × 15 ಎಂದರೆ 280, ಅದಕ್ಕೆ ಅದರರ್ಧ 140 ಕೂಡಿಸಿ, 420. ಒಟ್ಟು 660. ಹಾಳೆಯ ಮೇಲೆ ಒಂದು ಗೆರೆ ಎಳೆಯುವ ಅಗತ್ಯವಿಲ್ಲ.

ಹಳೆಯ ಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ಹೇಳಿಸುತ್ತಿದ್ದರು. ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ, ಸಂತೆಯಲ್ಲಿ ಅವರು ಮನಸ್ಸಿನಲ್ಲೇ ಮಾಡುವ ಲೆಕ್ಕ ಇದೇ. ಶೇ 12.5 ಅರೆಕಾಲು, ಅಂದರೆ ಎಂಟನೇ ಒಂದು; ಶೇ 6.25 ವೀಸ, ಅಂದರೆ ಹದಿನಾರನೇ ಒಂದು. ಇದರ ಜೊತೆಗೆ ಆರನೇ ಒಂದು ಶೇ 16.66, ಏಳನೇ ಒಂದು 14.28, ಒಂಬತ್ತನೇ ಒಂದು 11.11, ಹನ್ನೊಂದನೇ ಒಂದು 9.09. ಇಪ್ಪತ್ತೈದರವರೆಗಿನ ಮಗ್ಗಿ, ಮೂವತ್ತರವರೆಗಿನ ವರ್ಗ, ಹದಿನೈದರವರೆಗಿನ ಘನ ಕೇಳಿದ ತಕ್ಷಣ ನಾಲಿಗೆಯ ತುದಿಯಲ್ಲಿರಬೇಕು. ಇದಕ್ಕೆ ಧಾರವಾಡವೂ ಬೇಡ, ಬೆಂಗಳೂರಿನ ವಿಜಯನಗರವೂ ಬೇಡ.

ಶಾರ್ಟ್‌ಕಟ್_ಪ್ರಿಯ
ಟೀಚರ್ ಹೇಳಿದ್ದು ಸರಿ. ವರ್ಗ ಸಮೀಕರಣಕ್ಕೆ ಒಂದು ಸೂತ್ರ ನನ್ನಿಂದಲೂ ಇರಲಿ. x ಮತ್ತು y ಹೋಲಿಸುವ ಪ್ರಶ್ನೆಯಲ್ಲಿ ಎರಡೂ ಸಮೀಕರಣಗಳ ಕೊನೆಯ ಪದ ಋಣವಾಗಿದ್ದರೆ ಬಿಡಿಸಲೇ ಬೇಡಿ. 'ಸಂಬಂಧ ನಿರ್ಧರಿಸಲಾಗದು' ಎಂಬುದನ್ನು ಗುರುತಿಸಿ ಮುಂದೆ ಹೋಗಿ.

ಗಂಗಾವತಿ_ಭತ್ತ
ಇಂಥ ಸೂತ್ರಗಳನ್ನು ನಂಬಿ ಹಾಳಾದವರೇ ಹೆಚ್ಚು. ಎಲ್ಲ ಸಲವೂ ಹಾಗಾಗುತ್ತದೆ ಎಂಬುದಕ್ಕೆ ಏನು ಆಧಾರ?

ಲೆಕ್ಕದ_ಟೀಚರ್
ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದೀರಿ. ಇದು ಎಲ್ಲ ಸಲವೂ ನಿಜ. x² ಮುಂದಿನ ಸಂಖ್ಯೆ ಧನವಾಗಿದ್ದು ಕೊನೆಯ ಪದ ಋಣವಾಗಿದ್ದರೆ ಎರಡು ಮೂಲಗಳ ಗುಣಲಬ್ಧ ಋಣ. ಅಂದರೆ ಒಂದು ಮೂಲ ಧನ, ಇನ್ನೊಂದು ಋಣ. y ಕಥೆಯೂ ಅದೇ. x ಧನ, y ಋಣ ತೆಗೆದುಕೊಂಡರೆ x ದೊಡ್ಡದು. x ಋಣ, y ಧನ ತೆಗೆದುಕೊಂಡರೆ y ದೊಡ್ಡದು. ಹಾಗಾಗಿ ನಿರ್ಧರಿಸಲು ಬರುವುದಿಲ್ಲ. ಕಾರಣ ತಿಳಿದ ಸೂತ್ರವನ್ನು ಧೈರ್ಯವಾಗಿ ಬಳಸಿ. ಕಾರಣ ತಿಳಿಯದ ಸೂತ್ರ ಪರೀಕ್ಷಾ ಕೊಠಡಿಯಲ್ಲಿ ಅರ್ಧಂಬರ್ಧ ನೆನಪಾಗಿ ಕಾಡುತ್ತದೆ.

ಗಂಗಾವತಿ_ಭತ್ತ
ಈಗ ಒಪ್ಪಿದೆ. ಹೀಗೆ ಬಿಡಿಸಿ ಹೇಳುವವರು ಬೇಕು.

ರೀಸನಿಂಗ್_ರಾತ್ರಿ
ಲೆಕ್ಕದ ಬಗ್ಗೆಯೇ ಎಲ್ಲರೂ ಬರೆಯುತ್ತಿದ್ದೀರಿ, ಸಮಯ ಸೋರಿಹೋಗುವುದು ರೀಸನಿಂಗ್‌ನಲ್ಲಿ. ದುಂಡು ಮೇಜಿನ ಸುತ್ತ ಎಂಟು ಜನ, ಕೆಲವರ ಮುಖ ಒಳಕ್ಕೆ, ಕೆಲವರದು ಹೊರಕ್ಕೆ. ಇಂಥದ್ದೊಂದು ಪಜಲ್ ಹಿಡಿದು ಕುಳಿತರೆ ಹತ್ತು ನಿಮಿಷ ಹೋಗಿದ್ದೇ ಗೊತ್ತಾಗುವುದಿಲ್ಲ.

ನಾನು ಅನುಸರಿಸಿದ ಕ್ರಮ ಹೀಗಿದೆ. ಅಸಮಾನತೆ, ಸಿಲಾಜಿಸಂ (ಕೊಟ್ಟ ಹೇಳಿಕೆಗಳಿಂದ ತೀರ್ಮಾನ), ದಿಕ್ಕು, ರಕ್ತಸಂಬಂಧ, ಅಕ್ಷರ-ಅಂಕಿ ಸರಣಿ ಎಲ್ಲವನ್ನೂ ಮೊದಲು ಮುಗಿಸುತ್ತಿದ್ದೆ. ಇವು ಸೆಕೆಂಡುಗಳಲ್ಲಿ ಮುಗಿಯುತ್ತವೆ. ಆಮೇಲೆ ಪಜಲ್‌ಗಳಿಗೆ ಬಂದು, ಬಿಡಿಸುವ ಮೊದಲು ಸುಳಿವುಗಳನ್ನು ಒಮ್ಮೆ ಪೂರ್ತಿ ಓದುತ್ತಿದ್ದೆ. 'ಬಲತುದಿಯಿಂದ ಮೂರನೆಯವನು' ಎಂಬಂಥ ಗಟ್ಟಿ ಸುಳಿವು ಒಂದಾದರೂ ಇದ್ದರೆ ಹಿಡಿಯುವುದು. ಎಲ್ಲ ಸುಳಿವೂ 'ಇವರಿಬ್ಬರ ನಡುವೆ ಇಬ್ಬರು', 'ಅವನು ಇವಳ ಪಕ್ಕದವನಲ್ಲ' ಎಂದೇ ಇದ್ದರೆ ಬಿಡುವುದು. ಚಿತ್ರ ಬರೆಯುತ್ತಾ ಮೂರಕ್ಕಿಂತ ಹೆಚ್ಚು ಸಾಧ್ಯತೆಗಳು ಹುಟ್ಟಿಕೊಂಡರೆ ಅಲ್ಲಿಗೇ ಕೈಬಿಟ್ಟು ಮುಂದಿನದಕ್ಕೆ ಹೋಗುವುದು.

'ಪಕ್ಕದವನಲ್ಲ' ಎಂಬ ನಕಾರದ ಸುಳಿವನ್ನು ಚಿತ್ರದ ಬದಿಯಲ್ಲಿ ಅಡ್ಡಗೀಟಿನೊಂದಿಗೆ ಬರೆದುಕೊಳ್ಳಿ. ತಪ್ಪಾದ ಸಾಧ್ಯತೆಯನ್ನು ಹೊಡೆದುಹಾಕುವುದು ಹೆಚ್ಚಾಗಿ ಅದೇ.

ಬಿಎ_ಪದವೀಧರೆ
ಎಲ್ಲರಿಗೂ ಧನ್ಯವಾದ. ಟೀಚರ್, ಅಜ್ಜನ ಹತ್ತಿರ ಮುಕ್ಕಾಲಿನ ಮಗ್ಗಿ ಹೇಳಿಸಿಕೊಂಡೆ. ಅವರು ತುಂಬ ಖುಷಿಪಟ್ಟರು. ಊಹೆಯ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಸಿಕ್ಕಿಲ್ಲ.

ಧೈರ್ಯಂ_ಸರ್ವತ್ರ
ಒಂದನ್ನೂ ಖಾಲಿ ಬಿಡಬೇಡಿ. ಕೊನೆಯ ನಿಮಿಷದಲ್ಲಿ ಉಳಿದವಕ್ಕೆಲ್ಲ 'ಸಿ' ಗುರುತಿಸಿ ಬನ್ನಿ.

ಮನೆಯಲ್ಲೇ_ಓದಿದವನು
ದಯವಿಟ್ಟು ಇಂಥ ಸಲಹೆ ಕೊಡಬೇಡಿ. ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತವಿದೆ. ಗೊತ್ತಿಲ್ಲದ್ದನ್ನು ಮುಟ್ಟಲೇಬಾರದು.

ಲೆಕ್ಕದ_ಟೀಚರ್
ಇಬ್ಬರೂ ಅರ್ಧ ಸರಿ. ಐದು ಆಯ್ಕೆಗಳಿವೆ ಎಂದುಕೊಳ್ಳಿ. ಕಣ್ಣು ಮುಚ್ಚಿ ಐದು ಪ್ರಶ್ನೆಗೆ ಗುರುತಿಸಿದರೆ ಸರಾಸರಿ ಒಂದು ಸರಿ, ನಾಲ್ಕು ತಪ್ಪು. ಸರಿಗೆ ಒಂದು ಅಂಕ ಬಂತು, ನಾಲ್ಕು ತಪ್ಪಿಗೆ ನಾಲ್ಕು ಕಾಲು ಸೇರಿ ಒಂದು ಅಂಕ ಹೋಯಿತು. ಉಳಿದದ್ದು ಸೊನ್ನೆ. ಅದೃಷ್ಟ ಕೆಟ್ಟ ದಿನ ಸೊನ್ನೆಗಿಂತಲೂ ಕೆಳಗೆ. ಆದ್ದರಿಂದ ಕುರುಡು ಊಹೆಯಿಂದ ಲಾಭವಿಲ್ಲ.

ಆದರೆ ಐದರಲ್ಲಿ ಎರಡು ಆಯ್ಕೆ ಖಂಡಿತ ತಪ್ಪು ಎಂದು ಗೊತ್ತಾದರೆ ಲೆಕ್ಕವೇ ಬೇರೆ. ಉಳಿದ ಮೂರರಲ್ಲಿ ಒಂದನ್ನು ಆರಿಸಿದಾಗ, ಅಂಥ ಮೂರು ಪ್ರಶ್ನೆಗೆ ಸರಾಸರಿ ಒಂದು ಸರಿ, ಎರಡು ತಪ್ಪು. ಒಂದು ಅಂಕದಲ್ಲಿ ಅರ್ಧ ಹೋಗಿ ಅರ್ಧ ಉಳಿಯುತ್ತದೆ. ಉತ್ತರ ಸಮಸಂಖ್ಯೆಯೇ ಆಗಬೇಕು, ಕೊನೆಯ ಅಂಕಿ 5 ಆಗಲೇಬೇಕು ಎಂದು ಗೊತ್ತಾದಾಗ ಹೀಗೆ ಆಯ್ಕೆಗಳನ್ನು ಹೊಡೆದುಹಾಕಬಹುದು. ಸರಳೀಕರಣದಲ್ಲಿ ಇದು ಬಹಳ ಸಲ ಕೈ ಹಿಡಿಯುತ್ತದೆ.

ಧೈರ್ಯಂ_ಸರ್ವತ್ರ
ಪೂರ್ವಭಾವಿಯ ಅಂಕ ಮುಖ್ಯ ಪರೀಕ್ಷೆಯ ಅಂಕಕ್ಕೆ ಸೇರುವುದರಿಂದ ಒಂದೊಂದು ಅಂಕವೂ ಮುಖ್ಯ ಎಂಬುದು ನನ್ನ ವಾದ.

ಕೌಂಟರ್_ಮೂರು
ಸೇರುವುದಿಲ್ಲ. ಪೂರ್ವಭಾವಿ ಮುಖ್ಯ ಪರೀಕ್ಷೆಗೆ ಅರ್ಹತೆ ಕೊಡುತ್ತದೆ ಅಷ್ಟೇ. ಕಚೇರಿ ಸಹಾಯಕ ಹುದ್ದೆಗೆ ಸಂದರ್ಶನವೂ ಇಲ್ಲ. ಮುಖ್ಯ ಪರೀಕ್ಷೆಯ 200 ಅಂಕಗಳೇ ಅಂತಿಮ. ಅದರಲ್ಲಿ ರೀಸನಿಂಗ್ 50, ಲೆಕ್ಕ 50, ಸಾಮಾನ್ಯ ಜ್ಞಾನ 40, ಭಾಷೆ 40, ಕಂಪ್ಯೂಟರ್ ಜ್ಞಾನ 20. ಹಾಗಾಗಿ ಪೂರ್ವಭಾವಿ ಮುಗಿದ ಮೇಲೆ ಪುಸ್ತಕ ತೆರೆಯುತ್ತೇನೆ ಎಂದುಕೊಂಡರೆ ಆಗದು. ದಿನಪತ್ರಿಕೆ ಓದುವುದನ್ನು ಇವತ್ತಿನಿಂದಲೇ ಶುರು ಮಾಡಿ. ರಿಸರ್ವ್ ಬ್ಯಾಂಕಿನ ನಿರ್ಧಾರ, ಸರ್ಕಾರಿ ಯೋಜನೆ, ಬಜೆಟ್ ಸುದ್ದಿಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಮಲೆನಾಡ_ಮಳೆ
ಇಂಗ್ಲಿಷ್ ಕಡ್ಡಾಯವೇ? ನನಗೆ ಅದೇ ಭಯ.

ಕೌಂಟರ್_ಮೂರು
ಈ ಹುದ್ದೆಯ ಪೂರ್ವಭಾವಿಯಲ್ಲಿ ಇಂಗ್ಲಿಷ್ ಇಲ್ಲವೇ ಇಲ್ಲ. ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷ್ ಅಥವಾ ಹಿಂದಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇತರ ಬ್ಯಾಂಕುಗಳ ಕ್ಲರ್ಕ್ ಪರೀಕ್ಷೆಯ ಪೂರ್ವಭಾವಿಯಲ್ಲಿ 30 ಪ್ರಶ್ನೆ ಇಂಗ್ಲಿಷಿನವು. ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಕನ್ನಡ_ಮಾಧ್ಯಮ
ಭಾಷೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಗ್ರಾಮೀಣ ಬ್ಯಾಂಕ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಹಣಕಾಸು ಸಚಿವೆ 2019ರ ಜುಲೈನಲ್ಲಿ ಪ್ರಕಟಿಸಿದರು. ಅದಕ್ಕಾಗಿ ಕನ್ನಡಿಗರು ವರ್ಷಗಟ್ಟಲೆ ದನಿ ಎತ್ತಿದ್ದರು. ಬಂದಿರುವ ಅವಕಾಶವನ್ನು ನಾವೇ ಬಳಸದಿದ್ದರೆ ಹೇಗೆ? ಕನ್ನಡದಲ್ಲೇ ಬರೆಯಿರಿ.

ಶಾರ್ಟ್‌ಕಟ್_ಪ್ರಿಯ
ಅಭಿಮಾನ ಸರಿ, ಆದರೆ ಅಣಕು ಪರೀಕ್ಷೆಗಳು ಹೆಚ್ಚಾಗಿ ಸಿಗುವುದು ಇಂಗ್ಲಿಷ್, ಹಿಂದಿಯಲ್ಲಿ. ಇಂಗ್ಲಿಷಿನಲ್ಲಿ ಅಭ್ಯಾಸ ಮಾಡಿ ಪರೀಕ್ಷೆಯ ದಿನ ಕನ್ನಡದಲ್ಲಿ ಓದಿದರೆ ವೇಗ ಕುಂಠಿತವಾಗುತ್ತದೆ. ಅನುವಾದದ ಗುಣಮಟ್ಟದ ಪ್ರಶ್ನೆಯೂ ಇದೆ. 2024ರ ಆಗಸ್ಟ್‌ನಲ್ಲಿ ಕೆಪಿಎಸ್‌ಸಿ (ರಾಜ್ಯ ಲೋಕಸೇವಾ ಆಯೋಗ) ನಡೆಸಿದ ಕೆಎಎಸ್ ಪೂರ್ವಭಾವಿಯ ಕನ್ನಡ ಅನುವಾದದ ಗತಿ ಏನಾಯಿತು ಎಂದು ಎಲ್ಲರಿಗೂ ಗೊತ್ತು. ಡಿಸೆಂಬರ್‌ನಲ್ಲಿ ಮರುಪರೀಕ್ಷೆ ನಡೆಸಬೇಕಾಯಿತು.

ಕನ್ನಡ_ಮಾಧ್ಯಮ
ಅದು ಕೆಪಿಎಸ್‌ಸಿ, ಇದು ಐಬಿಪಿಎಸ್. ಅಲ್ಲಿನ ತಪ್ಪಿಗೆ ಇಲ್ಲಿ ಕನ್ನಡವನ್ನು ಬಿಡಬೇಕೇ? ಅನುವಾದ ಕೆಟ್ಟದ್ದಾದರೆ ಸರಿಪಡಿಸಿ ಎಂದು ಕೇಳಬೇಕು, ಬರೆಯುವವರು ಓಡಿಹೋಗಬಾರದು. ಪರದೆಯ ಮೇಲೆ ಭಾಷೆ ಬದಲಿಸಿ ನೋಡುವ ಸೌಲಭ್ಯವಿದೆ. ಅನುಮಾನ ಬಂದ ವಾಕ್ಯವನ್ನು ಮಾತ್ರ ಇಂಗ್ಲಿಷಿನಲ್ಲಿ ನೋಡಿಕೊಳ್ಳಿ.

ಲೆಕ್ಕದ_ಟೀಚರ್
ಸರಳೀಕರಣ, ಸಂಖ್ಯಾ ಸರಣಿ, ಸಮೀಕರಣಗಳಲ್ಲಿ ಭಾಷೆಯೇ ಇಲ್ಲ. ವಾಕ್ಯರೂಪದ ಲೆಕ್ಕ ಮತ್ತು ಪಜಲ್‌ಗಳಿಗೆ ಮಾತ್ರ ಈ ಪ್ರಶ್ನೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಕನ್ನಡದಲ್ಲೇ ಬರೆಯುವುದು ಲೇಸು. ಅಭ್ಯಾಸವನ್ನು ಎರಡರಲ್ಲೂ ಮಾಡಿ.

ತುಮಕೂರಿನ_ತಂದೆ
ನನ್ನ ಮಗನೂ ಇದೇ ಪರೀಕ್ಷೆ ಬರೆಯುತ್ತಿದ್ದಾನೆ. ಅಪ್ಪ ಸಾಲ ಮಾಡುತ್ತೇನೆ ಎಂದರೆ ಅದು ಮಗಳ ಮೇಲಿನ ಪ್ರೀತಿ. ಆದರೂ ಅಮ್ಮಾ, ನಿನ್ನ ನಿರ್ಧಾರವೇ ಸರಿ. ನನ್ನ ಮಗನ ಕೋಚಿಂಗ್‌ಗೆ ದುಡ್ಡು ಸುರಿದಿದ್ದೇವೆ. ಒಂದು ಕೊಠಡಿಯಲ್ಲಿ ಇನ್ನೂರು ಜನ, ಅನುಮಾನ ಕೇಳಲು ಬಿಡುವಿಲ್ಲ, ಅರ್ಧಕ್ಕೆ ಬಿಟ್ಟರೆ ಶುಲ್ಕ ವಾಪಸ್ಸಿಲ್ಲ. ಸಾಲದ ಭಾರ ತಲೆಯ ಮೇಲಿದ್ದರೆ ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ.

ಸಪ್ತಾಪುರ_ನಿವಾಸಿ
ಸರ್, ಸಾಲದ ವಿಷಯದಲ್ಲಿ ನಿಮ್ಮ ಮಾತು ಒಪ್ಪುತ್ತೇನೆ. ಓದಲು ಜಾಗವೇ ಇಲ್ಲದ ಮನೆಯ ಮಕ್ಕಳಿಗಾಗಿ ನಾನು ಹೇಳಿದ್ದು. ಒಂದೇ ಕೋಣೆ, ಟಿವಿ ಸದ್ದು, ಹೆಣ್ಣುಮಕ್ಕಳಿಗೆ ಮನೆಗೆಲಸ. ಇದು ಸುಳ್ಳಲ್ಲ.

ಅರಿವು_ಕೇಂದ್ರ
ಅದಕ್ಕೊಂದು ದಾರಿ ಇದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯ ಈಗ ಅರಿವು ಕೇಂದ್ರವಾಗಿದೆ. ಎಷ್ಟೋ ಕಡೆ ಕಂಪ್ಯೂಟರ್, ಇಂಟರ್‌ನೆಟ್, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಇವೆ. ಅಲ್ಲಿ ಕುಳಿತು ಅಣಕು ಪರೀಕ್ಷೆ ಬರೆಯಿರಿ. ಮೊಬೈಲಿನಲ್ಲಿ ಬೆರಳಿನಿಂದ ಒತ್ತಿ ಅಭ್ಯಾಸ ಮಾಡಿದವರು ಪರೀಕ್ಷಾ ಕೇಂದ್ರದಲ್ಲಿ ಮೌಸ್ ಹಿಡಿದು ತಡವರಿಸುತ್ತಾರೆ.

ಇನ್ನೊಂದು ಸೂಕ್ಷ್ಮ: ಉತ್ತರ ಆರಿಸಿದ ಮೇಲೆ 'ಸೇವ್ ಅಂಡ್ ನೆಕ್ಸ್ಟ್' ಒತ್ತಲೇಬೇಕು. ಒತ್ತದೆ ಬಲಬದಿಯ ಪ್ರಶ್ನೆಸಂಖ್ಯೆಯ ಮೇಲೆ ಒತ್ತಿ ಹಾರಿದರೆ ಆ ಉತ್ತರ ಉಳಿಯುವುದಿಲ್ಲ. ಪರೀಕ್ಷೆಯ ಆರಂಭದ ಸೂಚನೆಯಲ್ಲೇ ಇದು ಇರುತ್ತದೆ, ಗಾಬರಿಯಲ್ಲಿ ಯಾರೂ ಓದುವುದಿಲ್ಲ.

ಬಿಎ_ಪದವೀಧರೆ
ನಮ್ಮ ಪಂಚಾಯಿತಿಯಲ್ಲಿ ಎರಡು ಕಂಪ್ಯೂಟರ್ ಇವೆ, ಈವರೆಗೆ ಒಳಗೆ ಹೋಗಿ ನೋಡಿರಲಿಲ್ಲ. ಗ್ರಂಥಪಾಲಕರು ಮಧ್ಯಾಹ್ನ ಬಿಡುವಿರುತ್ತದೆ, ಬಾ ಎಂದಿದ್ದಾರೆ.

ಹೆಸರಲ್ಲೇನಿದೆ
ವಿಷಯ ಬೇರೆ, ಆದರೂ ಹೇಳಿಬಿಡುತ್ತೇನೆ. ಪ್ರವೇಶ ಪತ್ರದ ಹೆಸರೂ ಗುರುತಿನ ಚೀಟಿಯ ಹೆಸರೂ ಒಂದೇ ಇರಬೇಕು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಮನೆತನದ ಹೆಸರು. ಅರ್ಜಿ ಹಾಕುವ ಮೊದಲೇ ಸರಿಪಡಿಸಿಕೊಳ್ಳಿ. ಪಡಿತರ ಚೀಟಿ, ಕಲಿಕಾ ಚಾಲನಾ ಪರವಾನಗಿ ಗುರುತಿನ ದಾಖಲೆಯಾಗಿ ನಡೆಯುವುದಿಲ್ಲ.

ಮಲೆನಾಡ_ಮಳೆ
ಮದುವೆಯಾದ ಮೇಲೆ ಹೆಸರು ಬದಲಾದವರೂ ಇದನ್ನು ಗಮನಿಸಿ. ಅಂದಹಾಗೆ, ನನ್ನ ಅಕ್ಕನಿಗೆ 33. ಗಂಡ ತೀರಿಕೊಂಡಿದ್ದಾರೆ, ಪದವಿ ಆಗಿದೆ. ವಯಸ್ಸಿನ ಮಿತಿ 28 ಎಂದು ಸುಮ್ಮನಾಗಿದ್ದಾಳೆ.

ಕೌಂಟರ್_ಮೂರು
ಸುಮ್ಮನಾಗಬೇಕಿಲ್ಲ! ಕಚೇರಿ ಸಹಾಯಕ ಹುದ್ದೆಗೆ ವಿಧವೆಯರು, ವಿಚ್ಛೇದಿತರು ಮತ್ತು ಕಾನೂನುಬದ್ಧವಾಗಿ ಗಂಡನಿಂದ ಬೇರೆಯಾದವರು ಮರುಮದುವೆ ಆಗಿರದಿದ್ದರೆ ವಯೋಮಿತಿ ಸಾಮಾನ್ಯ ವರ್ಗಕ್ಕೆ 35, ಒಬಿಸಿಗೆ 38, ಎಸ್‌ಸಿ, ಎಸ್‌ಟಿಗೆ 40. ಅಧಿಸೂಚನೆಯ ವಯೋಮಿತಿ ಸಡಿಲಿಕೆಯ ಪಟ್ಟಿಯನ್ನು ಅಕ್ಕನಿಗೆ ಇವತ್ತೇ ತೋರಿಸಿ.

ಎಸ್‌ಸಿ, ಎಸ್‌ಟಿ, ಅಲ್ಪಸಂಖ್ಯಾತ, ಮಾಜಿ ಸೈನಿಕ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಪರೀಕ್ಷಾಪೂರ್ವ ಉಚಿತ ತರಬೇತಿಯೂ ಇದೆ. ಅರ್ಜಿಯಲ್ಲೇ ಬೇಕು ಎಂದು ಗುರುತಿಸಬೇಕು. ಎಷ್ಟೋ ಜನ ನೋಡದೆ ದಾಟಿಬಿಡುತ್ತಾರೆ.

ಮಲೆನಾಡ_ಮಳೆ
ಅಣ್ಣ, ಈಗಲೇ ಅವಳಿಗೆ ಫೋನ್ ಮಾಡುತ್ತೇನೆ. ತುಂಬ ಉಪಕಾರವಾಯಿತು.

ಗಂಗಾವತಿ_ಭತ್ತ
ಅರ್ಜಿಯಲ್ಲಿ ಬಳ್ಳಾರಿಯ ಗ್ರಾಮೀಣ ಬ್ಯಾಂಕ್ ಆರಿಸಬೇಕೋ, ಧಾರವಾಡದ್ದೋ? ನಮಗೆ ಯಾವುದು ಹತ್ತಿರ?

ಕೌಂಟರ್_ಮೂರು
ಈಗ ಎರಡಿಲ್ಲ. 2025ರ ಮೇ 1ರಿಂದ ಎರಡೂ ವಿಲೀನವಾಗಿ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಇದೆ. ಪ್ರಧಾನ ಕಚೇರಿ ಬಳ್ಳಾರಿ. ಕೆಲಸ ಬೀದರಿನಲ್ಲೂ ಸಿಗಬಹುದು, ಚಾಮರಾಜನಗರದಲ್ಲೂ ಸಿಗಬಹುದು, ಮನಸ್ಸು ಗಟ್ಟಿ ಮಾಡಿಕೊಂಡಿರಿ. ಬೆಳೆಸಾಲ, ಪಿಂಚಣಿ, ಸ್ವಸಹಾಯ ಸಂಘದ ಖಾತೆ, ಗೃಹಲಕ್ಷ್ಮಿ ಹಣ ಬಂತೇ ಎಂದು ಕೇಳುವ ತಾಯಂದಿರ ಸಾಲು. ಚೀಟಿ ತುಂಬಲು ಬಾರದ ಅಜ್ಜಿಯ ಜೊತೆ ಅವರ ಮಾತಿನಲ್ಲೇ ಮಾತನಾಡುವವರು ನಮಗೆ ಬೇಕು. ಬಿ.ಎ. ಕನ್ನಡ ಓದಿದವರು ಕೌಂಟರಿನಲ್ಲಿ ಕುಳಿತರೆ ನನಗಂತೂ ಸಂತೋಷ.

ರೀಸನಿಂಗ್_ರಾತ್ರಿ
ಮಾತು ಬ್ಯಾಂಕಿನೊಳಗೇ ಹೋಯಿತು. ಪರೀಕ್ಷೆಗೆ ವಾಪಸ್ ಬರೋಣ. ಅಣಕು ಪರೀಕ್ಷೆ ಬರೆದು ಅಂಕ ನೋಡಿ ಮುಚ್ಚಿಡುವವರೇ ಹೆಚ್ಚು. ಬರೆಯಲು ತೆಗೆದುಕೊಂಡದ್ದಕ್ಕಿಂತ ಹೆಚ್ಚು ಸಮಯವನ್ನು ಅದನ್ನು ತಿರುಗಿ ನೋಡಲು ಕೊಡಿ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಂಬ ಎಳೆದು, ಬಾರದೆ ತಪ್ಪಿದ್ದು, ಬಂದರೂ ಅವಸರದಲ್ಲಿ ತಪ್ಪಿದ್ದು, ಸರಿಯಾದರೂ ಒಂದು ನಿಮಿಷಕ್ಕಿಂತ ಹೆಚ್ಚು ನುಂಗಿದ್ದು ಎಂದು ಬರೆಯಿರಿ. ನಿಮ್ಮ ತೊಂದರೆ ಇರುವುದು ಮೂರನೇ ಕಂಬದಲ್ಲಿ. ಅಲ್ಲಿ ಯಾವ ಬಗೆಯ ಲೆಕ್ಕ ಪದೇ ಪದೇ ಬರುತ್ತದೋ ಅದನ್ನೇ ಬೇರೆಯಾಗಿ ತೆಗೆದುಕೊಂಡು ಇಪ್ಪತ್ತು-ಮೂವತ್ತು ಬಿಡಿಸಿ.

ಧೈರ್ಯಂ_ಸರ್ವತ್ರ
ಮೂರನೇ ಕಂಬದ ಮಾತು ಒಪ್ಪಿದೆ. ಸರಿಯಾದ ಉತ್ತರವನ್ನು ಯಾರೂ ತಿರುಗಿ ನೋಡುವುದೇ ಇಲ್ಲ.

ಬಿಎ_ಪದವೀಧರೆ
ನಿನ್ನೆ ಬರೆದ ಪತ್ರಿಕೆಯನ್ನು ಹಾಗೆ ಬೇರ್ಪಡಿಸಿ ನೋಡಿದೆ. ಮೂರನೇ ಕಂಬದಲ್ಲಿ ಸಂಖ್ಯಾ ಸರಣಿಯೇ ತುಂಬಿದೆ. 7, 8, 18, 57, 232, ಮುಂದಿನದೇನು? ಇದಕ್ಕೇ ಬಹಳ ಹೊತ್ತು ಹಿಡಿಯಿತು.

ಲೆಕ್ಕದ_ಟೀಚರ್
ಮೊದಲು ಸಂಖ್ಯೆಗಳು ಬೆಳೆಯುವ ಬಗೆ ನೋಡಿ. ನಿಧಾನವಾಗಿ ಏರಿದರೆ ವ್ಯತ್ಯಾಸ ತೆಗೆಯಿರಿ. ಹೀಗೆ ಒಮ್ಮೆಲೇ ಏರಿದರೆ ಗುಣಾಕಾರ ಇದ್ದೇ ಇರುತ್ತದೆ, ವ್ಯತ್ಯಾಸ ತೆಗೆಯುತ್ತಾ ಕೂರಬೇಡಿ. ಕೊನೆಯ ಎರಡು ಸಂಖ್ಯೆಗಳಿಂದ ಶುರು ಮಾಡಿ: 57ರ ನಾಲ್ಕು ಪಟ್ಟು 228, ಅದಕ್ಕೆ 4 ಸೇರಿ 232. ಹಿಂದಿನದು 18ರ ಮೂರು ಪಟ್ಟು 54, 3 ಸೇರಿ 57. ಸಿಕ್ಕಿತು. 232ರ ಐದು ಪಟ್ಟು 1160, 5 ಸೇರಿ 1165. ದೊಡ್ಡ ಸಂಖ್ಯೆಗಳ ಕಡೆಯಿಂದ ನೋಡಿದರೆ ಗುಣಕ ಬೇಗ ಕಣ್ಣಿಗೆ ಬೀಳುತ್ತದೆ. ಚಿಕ್ಕವುಗಳಲ್ಲಿ 7ರಿಂದ 8ಕ್ಕೆ ಹೋಗಲು ನೂರು ದಾರಿಗಳಿವೆ.

ಬಿಎ_ಪದವೀಧರೆ
ಈಗ ತಿಳಿಯಿತು ಟೀಚರ್. ನಾನು ಪ್ರತಿ ಸಲ ಎಡಗಡೆಯಿಂದಲೇ ಶುರು ಮಾಡುತ್ತಿದ್ದೆ. ಇಂಥವೇ ಇನ್ನಷ್ಟು ಇದ್ದರೆ ಹಾಕಿ, ಮಧ್ಯಾಹ್ನ ಪಂಚಾಯಿತಿಗೆ ಹೋಗುವ ಮೊದಲು ಬಿಡಿಸಿ ಉತ್ತರ ಬರೆಯುತ್ತೇನೆ.

ಲೆಕ್ಕದ_ಟೀಚರ್
ತೆಗೆದುಕೊಳ್ಳಿ: 5, 6, 14, 45, ? ಇನ್ನೊಂದು: 12, 6, 6, 9, 18, ? ಎರಡನೆಯದರಲ್ಲಿ ಅರ್ಧ, ಒಂದು, ಒಂದೂವರೆ ನೆನಪಿರಲಿ. ಉಳಿದವರು ಉತ್ತರ ಹಾಕಬೇಡಿ, ಅವರೇ ಬಿಡಿಸಲಿ.

ಶಾರ್ಟ್‌ಕಟ್_ಪ್ರಿಯ
ಎರಡನೆಯದಕ್ಕೆ 45 ತಾನೇ?

ಗಂಗಾವತಿ_ಭತ್ತ
ಟೀಚರ್ ಬೇಡ ಎಂದರೂ ಹಾಕಿಬಿಟ್ಟಿರಲ್ಲ ಮಾರಾಯರೇ!